ಮೇಟ್ ಅನ್ನುವ ಮಾತಿನ ಅರ್ಥ

ಕಾಕಾನ ಎಡಗಾಲಿನಲ್ಲಿ, ಮೊಣಕಾಲಿನಿಂದ ಗೇಣು ಕೆಳಗೆ, ಒಂದು ಗುಳಿ ಇತ್ತು. ಯಾರೋ ಮಾಂಸ ತೋಡಿ ತೆಗೆದು ಮೇಲೆ ಚರ್ಮ ಎಳೆದು ಬಿಟ್ಟಂತಿದ್ದ ಗುಳಿ. ಅಲ್ಲಿಯ ಚರ್ಮ ತೆಳ್ಳಗೆ, ಉಳ್ಳಾಗಡ್ಡಿಯ ಒಳಸಿಪ್ಪೆಯ ಹಾಗೆ ಹೊಳೆಯುತ್ತಿತ್ತು. ಅವನು ಕಟ್ಟೆಯ ಮೇಲೆ ಧೋತರ ಮೇಲೆತ್ತಿ ಕುಳಿತನೆಂದರೆ ನಮ್ಮ ಮನೆಗಳ ಸಾಲಿನ ಮಕ್ಕಳು ಅದರಲ್ಲಿ ಹುಣಸೆ ಬೀಜ ತುಂಬುತ್ತಿದ್ದೆವು. ಏಳು ಬೀಜ ಹಿಡಿಯುತ್ತಿದ್ದವು. ಎಂಟನೆಯದನ್ನು ಕೂರಿಸಿದವರಿಗೆ ಪೆಪ್ಪರಮಿಂಟು ಕೊಡುತ್ತೇನೆ ಎನ್ನುತ್ತಿದ್ದ. ಕೂರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕೊನೆಗೆ ಎಲ್ಲರಿಗೂ ಕೊಡುತ್ತಿದ್ದ.

ನಾವಿದ್ದದ್ದು ದಾಂಡೇಲಿಯಲ್ಲಿ, ಒಂದಕ್ಕೊಂದು ಗೋಡೆ ಹಂಚಿಕೊಂಡ ಹನ್ನೆರಡು ಮನೆಗಳ ಒಂದು ಸಾಲಿನಲ್ಲಿ. ಅಪ್ಪ ಕಾಗದದ ಮಿಲ್ಲಿನಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ. ಪಕ್ಕದ ಮನೆ ಕಾಕಾ ಮತ್ತು ಅವನ ಹೆಂಡತಿ ಕಾಕುವಿನದು. ಅವರಿಗೆ ಮಕ್ಕಳಿರಲಿಲ್ಲ. ಕಾಕಾ ಹಳಿಯಾಳ ಕಡೆಯ ತೇರಗಾಂವದವನು. ಮೀಸೆ ಬರುವ ಮೊದಲೇ ಬೆಳಗಾವಿಗೆ ಹೋಗಿ ಪಲಟನ್ನು ಸೇರಿದ್ದ. ದೊಡ್ಡ ಯುದ್ಧದಲ್ಲಿ ಸಿಂಗಾಪುರ ಬಿದ್ದಾಗ ಜಪಾನಿಯರ ಕೈಗೆ ಸಿಕ್ಕು, ಮೂರು ವರ್ಷ ಸೆರೆಯಲ್ಲಿದ್ದು ಬಂದವನು. ಆಮೇಲೆ ಕಟ್ಟಿಗೆ ಡಿಪೋದಲ್ಲಿ ವಾಚಮನ್ ಆಗಿದ್ದ. ನನಗೆ ನೆನಪಿರುವ ಹೊತ್ತಿಗೆ ಅದರಿಂದಲೂ ನಿವೃತ್ತನಾಗಿ ಕಟ್ಟೆ ಹಿಡಿದಿದ್ದ. ಹಿರಿಯನಾದರೂ ನಾವ್ಯಾರೂ ಅವನನ್ನು ಬಹುವಚನದಲ್ಲಿ ನೆನೆದವರಲ್ಲ. ಈಗ ಬಹುವಚನ ಹಾಕಿದರೆ ಅದು ನನ್ನ ನಾಟಕವಾದೀತು.

ಈ ಗುಳಿಯನ್ನು ಒಬ್ಬ ಗೋರಾ, ಎಂದರೆ ಬಿಳಿಯ, ಸಿಪಾಯಿ ಚಮಚದಿಂದ ತೋಡಿದ್ದು ಎಂದು ಕಾಕಾ ಹೇಳುತ್ತಿದ್ದ. ಅವನು 'ಕೆಳಗಿನ ದೇಶ'ದವನಂತೆ. ನಾವು ಪಾತಾಳವೆಂದೇ ತಿಳಿದು, ಪಾತಾಳದ ಆ ರಾಕ್ಷಸನಿಗೆ ಬೈಯುತ್ತಿದ್ದೆವು. ಆಸ್ಟ್ರೇಲಿಯಾದವರು ತಮ್ಮ ನಾಡನ್ನು ಹಾಗೆ ಕರೆದುಕೊಳ್ಳುತ್ತಾರೆಂದು ಗೊತ್ತಾದದ್ದು ಬಹಳ ತಡವಾಗಿ. ನಾವು ಬೈದಾಗ ಕಾಕಾ ನಗುತ್ತಾ ನಡೆದದ್ದನ್ನು ಬಿಡಿಸಿ ಹೇಳುತ್ತಿದ್ದ. ಅವರನ್ನು ಇಟ್ಟಿದ್ದದ್ದು ಯಾವುದೋ ದ್ವೀಪದಲ್ಲಿ, ಹೆಸರು ಅವನಿಗೂ ಗೊತ್ತಿಲ್ಲ. ಸೆರೆಯಾಳುಗಳಿಂದ ಅಲ್ಲಿ ವಿಮಾನ ಇಳಿಯುವ ಬಯಲು ಮಾಡಿಸುತ್ತಿದ್ದರು. ಗೋರಾಗಳನ್ನು ಒಂದು ಆವಾರದಲ್ಲಿ, ನಮ್ಮವರನ್ನು ಇನ್ನೊಂದರಲ್ಲಿ ಇಟ್ಟು ನಡುವೆ ಮುಳ್ಳುತಂತಿ ಬಿಗಿದಿದ್ದರು. ಕೆಲಸಕ್ಕೆ ಮಾತ್ರ ಇಬ್ಬರನ್ನೂ ಕೂಡಿಯೇ ಒಯ್ಯುತ್ತಿದ್ದರು. ಕಾಕಾನ ಕಾಲಿಗೆ ಹುಣ್ಣಾಗಿ ಕೊಳೆಯತೊಡಗಿದಾಗ ಔಷಧಿ ಎಂಬುದೇ ಇರಲಿಲ್ಲ. ಜೊತೆಗೆ ಮಣ್ಣು ಹೊರುತ್ತಿದ್ದ ಆ ಉದ್ದನೆಯ ಗೋರಾ ತನ್ನ ಚಮಚವನ್ನು ಕುದಿಯುವ ನೀರಿನಲ್ಲಿ ಅದ್ದಿ, ಕಾಕಾನ ಬಾಯಿಗೆ ಟೊಪ್ಪಿಗೆ ಕಚ್ಚಿಸಿ, ಕೊಳೆತದ್ದನ್ನೆಲ್ಲ ಕೆರೆದು ತೆಗೆದ. ಕಾಲು ಉಳಿಯಿತು.

"ಅಂವ ಅಳಕೋತ ತೋಡಿದಾ, ನಾ ಬೈಕೋತ ತೋಡಿಸ್ಕೊಂಡೆ," ಎನ್ನುತ್ತಿದ್ದ ಕಾಕಾ.

ಗೋರಾ ತನ್ನ ಊರಿನಲ್ಲಿ ಮರ ಕೊಯ್ಯುವ ಅಡ್ಡೆಯಲ್ಲಿ ಕೆಲಸ ಮಾಡಿದವನು. ಡಿಪೋದಲ್ಲಿ ಸಾಗವಾನಿ ತುಂಡುಗಳು ಬಂದು ಬಿದ್ದಾಗೆಲ್ಲ ಕಾಕಾ ಅವನನ್ನು ನೆನೆಯುತ್ತಿದ್ದನಂತೆ. ಸೆರೆಯಲ್ಲಿ ಅವನು ಒಂದು ಡಬ್ಬಿ ಮೀನು ಕದ್ದು ಸಿಕ್ಕಿಬಿದ್ದು, ಮರದ ತುಂಡನ್ನು ತಲೆಯ ಮೇಲೆ ಎತ್ತಿ ಹಿಡಿದು ದಿನವಿಡೀ ಬಿಸಿಲಲ್ಲಿ ನಿಂತಿದ್ದ. ಮಲೇರಿಯಾ ಬಂದು ನಡುಗುತ್ತಾ ಹಾಡು ಹೇಳುತ್ತಿದ್ದ. ಬಿಡುಗಡೆಯಾದ ದಿನ ಎಲುಬಿನ ಗೂಡಾಗಿದ್ದ ಇಬ್ಬರೂ ತಬ್ಬಿಕೊಳ್ಳಲು ಹೋಗಿ, ನಿಲ್ಲಲಾರದೆ, ಕುಳಿತುಬಿಟ್ಟರಂತೆ. ಇಷ್ಟನ್ನೇ ಕಾಕಾ ಮತ್ತೆ ಮತ್ತೆ ಹೇಳುತ್ತಿದ್ದ. ಉಳಿದದ್ದನ್ನು ಕೇಳಿದರೆ, ಮೂರು ವರ್ಷ ಸರಕಾರಿ ಊಟ, ಅದೂ ಜಪಾನ್ ಸರಕಾರದ್ದು ಎಂದು ತೇಲಿಸಿಬಿಡುತ್ತಿದ್ದ.

ಸೆರೆ ಅವನ ಕೈಬಾಯಿಗಳಲ್ಲಿ ಉಳಿದಿತ್ತು. ತಾಟಿನಿಂದ ಸಿಡಿದ ಅಗುಳನ್ನು ಬೆರಳು ಒದ್ದೆ ಮಾಡಿಕೊಂಡು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಸಂಜೆ ಯಾರು ಎದುರಾದರೂ ಊಟವಾಯಿತೇ ಎಂದು ಕೇಳದೆ ಬಿಡುತ್ತಿರಲಿಲ್ಲ. ನಮ್ಮ ಕಡೆ ಎಲ್ಲರೂ ಕೇಳುವುದೇ, ಆದರೆ ಕಾಕಾ ಉತ್ತರಕ್ಕೆ ಕಾಯುತ್ತಿದ್ದ. ಸಾಲಿನ ಗಣಪತಿ ಕಳಿಸುವ ದಿನ ಗೋಧಿ ಹುಗ್ಗಿ ಮಾಡಿದರೆ ಸೌಟು ಅವನ ಕೈಯಲ್ಲೇ. ಎಲ್ಲರಿಗೂ ಒಂದೇ ಅಳತೆ, ಅಂಚಿಗೆ ಸಮನಾಗಿ. ತಾನು ಮಾತ್ರ ಎಲ್ಲರದೂ ಆದ ಮೇಲೆ ತಳದಲ್ಲಿ ಹತ್ತಿದ್ದನ್ನು ಕೆರೆದುಕೊಳ್ಳುತ್ತಿದ್ದ. ಹಂಚಾಂವ ಕಡೀಕ ಉಣ್ಣಬೇಕು ಎಂಬುದು ಅವನ ಮಾತು. ಯಾವ ಮನೆಯಲ್ಲಿ ಜಗಳವಾದರೂ ಅವನನ್ನೇ ಕರೆಯುತ್ತಿದ್ದರು, ಏಕೆಂದರೆ ಅವನು ಯಾರಿಗೂ ಒಂದು ತೊಟ್ಟು ಹೆಚ್ಚು ಕೊಡುವವನಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ತಪ್ಪಿಸಿಕೊಳ್ಳುವ ಹಾಗಿಲ್ಲ.

ನಾನು ಕಾಲೇಜಿಗೆ ಸೇರಿದ ವರ್ಷ ಕಾಕಾನಿಗೆ ಆಸ್ಟ್ರೇಲಿಯಾದಿಂದ ಒಂದು ಪತ್ರ ಬಂತು. ಪಲಟನ್ನಿನ ಕಚೇರಿಗೆ ಬಂದು, ಅಲ್ಲಿಂದ ತೇರಗಾಂವಕ್ಕೆ ಹೋಗಿ, ಅವನ ತಮ್ಮನ ಕೈಯಿಂದ ದಾಂಡೇಲಿಗೆ ಬಂದಿತ್ತು. ನಮ್ಮ ಸಾಲಿನಲ್ಲಿ ಹತ್ತನೆಯ ತರಗತಿ ದಾಟಿದ ಮೊದಲ ಹುಡುಗಿ ನಾನು. ಇಂಗ್ಲಿಷಿನಲ್ಲಿ ಬಹುಮಾನವಾಗಿ ಒಂದು ನಿಘಂಟು ಬಂದಿತ್ತು. ಅದನ್ನು ಅಪ್ಪ ದೇವರ ಜಗಲಿಯ ಮೇಲೆ ಇಟ್ಟಿದ್ದ. ಬಂದವರಿಗೆಲ್ಲ ನನ್ನ ಮಗಳು ಇಂಗ್ಲಿಷ್ ಓದುತ್ತಾಳೆ ಎಂದು ಹೇಳುತ್ತಿದ್ದ. ಕಾಕಾ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರವೇ ಬಂದ.

ಕೂಡಿಸಿ ಬರೆದ ಬಾಗು ಅಕ್ಷರ. ಅರ್ಧಕ್ಕರ್ಧ ನನಗೆ ಬಿಡಿಸಲಾಗಲಿಲ್ಲ. ಆಗಲಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ತಿಳಿದ ಮಾತುಗಳನ್ನು ಹೆಕ್ಕಿ ಒಂದಕ್ಕೊಂದು ಗಂಟು ಹಾಕಿದೆ. ನೀನು ನನ್ನ ಮೇಟ್ ಆಗಿದ್ದೆ ಎಂದು ಮೂರು ಕಡೆ ಇತ್ತು. ಅವರು ನನ್ನನ್ನು ಹೊಡೆದ ದಿನ 'ಸ್ಟುಡ್ ಬೈ ಮಿ' ಎಂದಿತ್ತು. ಸ್ಟುಡ್ ಎಂದರೆ ನಿಂತೆ, ಬೈ ಎಂದರೆ ಪಕ್ಕದಲ್ಲಿ. ಹೊಡೆಯುವಾಗ ಪಕ್ಕದಲ್ಲಿ ನಿಂತಿದ್ದೆ ಎಂದು ಅರ್ಥ ಮಾಡಿದೆ. ಪ್ರತಿ ಸಂಜೆ ತಂತಿಯ ಬಳಿ ನಿನ್ನ 'ಊತತೆನಾ' ಎಂದಿತ್ತು, ದೊಡ್ಡ ಅಕ್ಷರದಿಂದ ಶುರುವಾಗುವ ಮಾತು. ಅದು ಯಾರೋ ಜಪಾನಿ ಅಧಿಕಾರಿಯ ಹೆಸರೆಂದು ತೀರ್ಮಾನಿಸಿದೆ. ಇದನ್ನೆಲ್ಲ ಸಾಯುವವರೆಗೆ ಮರೆಯಲಾರೆ ಎಂದು ಕೊನೆಯಲ್ಲಿತ್ತು.

ನಮ್ಮ ಕಡೆ ಮೇಟ್ ಎಂದರೆ ಯಾರೆಂದು ಹೊರಗಿನವರಿಗೆ ಹೇಳಬೇಕು. ಕಾಡಿನಲ್ಲಿ ಮರ ಕಡಿಯುವ, ರಸ್ತೆಗೆ ಕಲ್ಲು ಒಡೆಯುವ ಕೂಲಿಗಳ ಗುಂಪಿನ ಮೇಲೆ ನಿಂತು ಕೆಲಸ ಮಾಡಿಸುವವನು ಮೇಟ್. ಅವನ ಕೈಯಲ್ಲಿ ಛಡಿ ಇರುತ್ತಿತ್ತು. ನನ್ನ ಸೋದರಮಾವ ಜೋಯಿಡಾ ಆಚೆಯ ಕುಂಬಾರವಾಡದಲ್ಲಿ ಇಂಥ ಗುಂಪಿನಲ್ಲಿದ್ದ. ಮಳೆಯಲ್ಲಿ ಜಾರುವ ತುಂಡನ್ನು ಎತ್ತಲಾರೆ ಎಂದವನನ್ನು ಮೇಟ್ ಬಡಿದು ಎತ್ತಿಸಿದ. ತುಂಡು ಉರುಳಿ ಮಾವನ ಮುಂಗೈ ಜಜ್ಜಿಹೋಯಿತು. ಆಮೇಲೆ ಅವನು ಎಡಗೈಯಲ್ಲೇ ಉಣ್ಣುತ್ತಿದ್ದ. ನಮ್ಮ ಮನೆಯಲ್ಲಿ ಆ ಮಾತನ್ನು ಉಗುಳಿದ ಹಾಗೆ ಆಡುತ್ತಿದ್ದೆವು.

ನಾನು ತಲೆಯೆತ್ತಿ, ಕಾಕಾ, ನೀನು ಅಲ್ಲಿ ಮೇಟ್ ಇದ್ದೆಯಾ ಎಂದು ಕೇಳಿದೆ. ಅವನ ಮುಖ ಹೂವಿನಂತೆ ಅರಳಿತು.

"ಹೌದವಾ, ಮೇಟ್ ಇದ್ದೆ. ಅಂವ ಹಂಗ ಬರದಾನೇನು?"

ಆ ಖುಷಿಯನ್ನು ನಾನು ನಾಚಿಕೆಗೇಡಿತನ ಎಂದುಕೊಂಡೆ. ಉಳಿದದ್ದನ್ನು ಆಮೇಲೆ ಓದಿ ಹೇಳುತ್ತೇನೆಂದು ಪತ್ರ ಇಟ್ಟುಕೊಂಡೆ. ಮರುದಿನ ಕಾಕಾ ಅಂಚೆ ಕಚೇರಿಯಿಂದ ಪರದೇಶಕ್ಕೆ ಬರೆಯುವ ನೀಲಿ ಹಾಳೆ ತಂದುಕೊಟ್ಟು, ಪುರಸೊತ್ತು ಸಿಕ್ಕಾಗ ಉತ್ತರ ಬರೆದುಕೊಡು ಎಂದ. ಅಷ್ಟರಲ್ಲಿ ನಾನು ಅವ್ವನಿಗೆ ಹೇಳಿಯಾಗಿತ್ತು. ಅವ್ವ ನಳದ ಹತ್ತಿರ ಹೇಳಿದಳು. ನಳದ ಹತ್ತಿರ ಹೇಳಿದ್ದು ಸಂಜೆಯೊಳಗೆ ಹನ್ನೆರಡೂ ಮನೆಯ ಒಲೆ ಮುಟ್ಟಿತು. ಕಾಕಾ ಜಪಾನಿಯರ ಮೇಟ್ ಆಗಿದ್ದನಂತೆ. ಹಂಚುತ್ತಿದ್ದನಲ್ಲ, ಅಲ್ಲಿಯೇ ಕಲಿತದ್ದಂತೆ.

ಕಾಕಾನ ಕಿವಿಗೆ ಬೀಳಲು ಒಂದು ವಾರ ಹಿಡಿಯಿತು. ಅವನು ಅಪ್ಪನ ಹತ್ತಿರ ಬಂದು, ಗೋರಾಗಳ ಮಾತಿನಲ್ಲಿ ಮೇಟ್ ಎಂದರೆ ಗೆಳೆಯ, ಇಲ್ಲಿಯ ಮೇಟ್ ಅಲ್ಲ ಎಂದು ಮೆಲ್ಲಗೆ ಹೇಳಿದನಂತೆ. ಅಪ್ಪ ನ್ಯಾಯವಂತ. ಒಳಗೆ ಬಂದು ನಿಘಂಟು ತೆಗೆ ಎಂದ.

ತೆಗೆದೆ. ಆ ಪುಟ ಸಿಕ್ಕಿತು. ಮೊದಲನೆಯ ಸಾಲಿನಲ್ಲಿ ಜೊತೆಗಾರ, ಸಂಗಾತಿ, ಗೆಳೆಯ ಎಂದು ಮೂರು ಮಾತು ಇದ್ದವು. ಎರಡನೆಯ ಸಾಲಿನಲ್ಲಿ ಹಡಗಿನ ಕಿರಿಯ ಅಧಿಕಾರಿ ಎಂದಿತ್ತು. ಅಪ್ಪನಿಗೆ ಕನ್ನಡ ಓದಲು ಬರುತ್ತಿತ್ತು. ನಾನು ಮೊದಲನೆಯ ಸಾಲಿನ ಮೇಲೆ ಹೆಬ್ಬೆರಳು ಇಟ್ಟೆ. ಎರಡನೆಯದನ್ನು ಓದಿ ತೋರಿಸಿದೆ. ಅಧಿಕಾರಿ. ಅಪ್ಪ ನಿಟ್ಟುಸಿರು ಬಿಟ್ಟು ಅಂಗಿ ಹಾಕಿಕೊಂಡು ಪಾಳಿಗೆ ಹೋದ.

ಯಾಕೆ ಹಾಗೆ ಮಾಡಿದೆ ಎಂದು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಮಾವನ ಕೈಯ ನೆಪ ಹೇಳಬಹುದು. ಅದು ಸುಳ್ಳು. ಆ ಹೊತ್ತಿಗೆ ನನಗೆ ಸತ್ಯ ಗೊತ್ತಾಗಿತ್ತು. ಇಂಗ್ಲಿಷ್ ಬಲ್ಲ ಹುಡುಗಿ ನಾಲ್ಕಕ್ಷರದ ಮಾತಿಗೆ ತಪ್ಪು ಅರ್ಥ ಹೇಳಿದಳು ಎಂದು ಹನ್ನೆರಡು ಮನೆಯವರು ನಗುತ್ತಾರೆಂಬ ಭಯ, ಅಷ್ಟೇ. ಅಷ್ಟಕ್ಕಾಗಿ ಒಬ್ಬ ಮನುಷ್ಯನ ಮಾನವನ್ನು ಹೆಬ್ಬೆರಳ ಕೆಳಗೆ ಮುಚ್ಚಿದೆ.

ಆ ವರ್ಷದ ಗಣಪತಿ ಬಂತು. ಹುಗ್ಗಿಯ ಪಾತ್ರೆ ಇಳಿಸಿದಾಗ ಕಾಕಾ ಎಂದಿನಂತೆ ತೋಳು ಮೇಲೇರಿಸಿ ಸೌಟು ಹಿಡಿದ. ಯಾರೂ ಎಲೆ ಮುಂದೆ ಮಾಡಲಿಲ್ಲ. ಹಿಂದಿನಿಂದ ಯಾರೋ ಜಪಾನಿಯರ ಮೇಟ್ ಕೈಯಿಂದ ಉಣ್ಣುವುದು ಬೇಡ ಎಂದರು. ಕೊನೆಗೆ ಅಪ್ಪನೇ ಹೋಗಿ ಅವನ ಮುಂದೆ ನಿಂತು, ಎಂದೂ ಇಲ್ಲದ ಬಹುವಚನದಲ್ಲಿ ಹೇಳಿದ.

"ಕಾಕಾ, ಈ ಸಲ ನೀವು ಕುಂದರ್ರಿ. ಬ್ಯಾರೆ ಯಾರರ ಬಡಸ್ತಾರ."

ಕಾಕಾ ಒಂದು ಕ್ಷಣ ಅಪ್ಪನ ಮುಖ ನೋಡಿದ. ಸೌಟನ್ನು ಪಾತ್ರೆಯ ಅಂಚಿಗೆ ಅಡ್ಡ ಇಟ್ಟ. ಕೈ ಒರೆಸಿಕೊಂಡು ಹೋಗಿ ಸಾಲಿನ ತುದಿಯಲ್ಲಿ ಕುಳಿತ. ಮುನಿಸಿಕೊಂಡು ಎದ್ದು ಹೋದಾನೆಂದು ನಾನು ಕಾಯುತ್ತಿದ್ದೆ, ಹೋದರೆ ನನ್ನ ಎದೆ ಸ್ವಲ್ಪ ಹಗುರಾಗುತ್ತಿತ್ತು. ಅವನು ಎಲೆಯಲ್ಲಿ ಬಿದ್ದದ್ದನ್ನು ಒಂದು ಅಗುಳು ಬಿಡದೆ ಉಂಡ. ಕೈ ತೊಳೆಯಲು ಎದ್ದವನು ನನ್ನನ್ನು ಕಂಡು, ಊಟವಾಯಿತೇ ಎಂದು ಕೇಳಿದ. ನಾನು ತಲೆಯಾಡಿಸಿ ಮನೆಯೊಳಗೆ ಓಡಿದೆ.

ಉತ್ತರ ಬರೆದೆಯಾ ಎಂದು ಅವನು ಮೂರು ಸಲ ಕೇಳಿರಬೇಕು. ಪರೀಕ್ಷೆ ಎಂದೆ, ನೆಗಡಿ ಎಂದೆ. ನೀಲಿ ಹಾಳೆಯ ಬೆನ್ನಿಗೆ ಒಂದು ದಿನ ಲೆಕ್ಕದ ಅಭ್ಯಾಸ ಮಾಡಿಬಿಟ್ಟೆ. ದಾಂಡೇಲಿಯಲ್ಲಿ ಇಂಗ್ಲಿಷ್ ಬಲ್ಲವರಿಗೆ ಬರವಿರಲಿಲ್ಲ, ಮಿಲ್ಲಿನ ಯಾವ ಗುಮಾಸ್ತರಾದರೂ ಓದಿ ಹೇಳುತ್ತಿದ್ದರು. ಬೇರೆಯವರ ಹತ್ತಿರ ಹೋದರೆ ಹುಡುಗಿಗೆ ಅವಮಾನವಾಗುತ್ತದೆ ಎಂದು ಕಾಕಾ ಹೋಗಲಿಲ್ಲವಂತೆ. ಇದನ್ನು ಕಾಕು ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ, ಬೆಳ್ಳುಳ್ಳಿ ಸುಲಿಯುತ್ತಾ, ಹೊಗಳಿಕೆಯ ಮಾತಿನ ಹಾಗೆ.

ಮೂರು ವರ್ಷ ಕಳೆದವು. ಕಾಕಾನನ್ನು ಜಗಳ ಬಿಡಿಸಲು ಯಾರೂ ಕರೆಯಲಿಲ್ಲ. ಮಕ್ಕಳನ್ನು ಅವರವರ ತಾಯಂದಿರು ಕಟ್ಟೆಯಿಂದ ಎಬ್ಬಿಸಿಕೊಂಡು ಹೋಗುತ್ತಿದ್ದರು. ಹುಣಸೆ ಬೀಜ ತುಂಬುವ ಆಟ ತಾನಾಗಿ ನಿಂತಿತು. ನಾನು ಧಾರವಾಡದಲ್ಲಿ ಇಂಗ್ಲಿಷನ್ನೇ ಮುಖ್ಯ ವಿಷಯವಾಗಿ ಓದುತ್ತಿದ್ದೆ. ರಜೆಯಲ್ಲಿ ಮನೆಗೆ ಬಂದಾಗ ಇನ್ನೊಂದು ಪತ್ರ ಬಂದಿತ್ತು, ಟೈಪು ಮಾಡಿದ್ದು. ತೇರಗಾಂವದ ತಮ್ಮ ಅದನ್ನು ನೇರವಾಗಿ ಅಪ್ಪನ ಕೈಗೇ ಕೊಟ್ಟಿದ್ದ. ಇಂಗ್ಲಿಷ್ ಓದುವ ಮಗಳ ಅಪ್ಪನಲ್ಲವೇ.

ಬರೆದವಳು ಗೋರಾನ ಮಗಳು. ಅಪ್ಪ ತೀರಿಕೊಂಡರು ಎಂದು ಬರೆದಿದ್ದಳು. ನಿಮ್ಮ ಉತ್ತರಕ್ಕಾಗಿ ದಿನವೂ ಗೇಟಿನ ಅಂಚೆಪೆಟ್ಟಿಗೆ ತೆರೆದು ನೋಡುತ್ತಿದ್ದರು. ನಿಮ್ಮಿಂದ ಒಂದು ವಿಷಯ ತಿಳಿಯಬೇಕು. ನಮ್ಮ ಮನೆಯಲ್ಲಿ ಸಂಜೆ ಮೇಜಿನ ಸುತ್ತ ಕುಳಿತಾಗ ಅಪ್ಪ ಒಂದು ಮಾತು ಹೇಳುತ್ತಿದ್ದರು, ನಾವು ಮಕ್ಕಳು 'ಆತು ಆತು' ಎಂದು ಉತ್ತರ ಕೊಡಬೇಕಿತ್ತು. ಅದು ಯಾವುದೋ ಪ್ರಾರ್ಥನೆ ಎಂದು ತಿಳಿದಿದ್ದೆವು. ಅಪ್ಪನಿಗೂ ಪೂರ್ತಿ ಅರ್ಥ ಗೊತ್ತಿರಲಿಲ್ಲ, ತಂತಿಯಾಚೆಯಿಂದ ತನ್ನ ಮೇಟ್ ದಿನವೂ ಕೇಳುತ್ತಿದ್ದ ಮಾತು ಎಂದಷ್ಟೇ ಹೇಳುತ್ತಿದ್ದರು. ದಯವಿಟ್ಟು ಅರ್ಥ ತಿಳಿಸಿ.

ಆ ಮಾತನ್ನು ಅವಳು ಉಚ್ಚಾರಕ್ಕೆ ಅನುಕೂಲವಾಗಲೆಂದು ಬಿಡಿಸಿ ಬಿಡಿಸಿ ಟೈಪು ಮಾಡಿದ್ದಳು. ನಾನು ಅಕ್ಷರ ಕೂಡಿಸಿಕೊಂಡು ಜೋರಾಗಿ ಓದಿದೆ.

"ಊಟಾ ತೇನ."

"ಇನ್ನೂ ಇಲ್ಲ, ಬಾ, ಕೂಡೇ ಉಣ್ಣೂಣು," ಎಂದಳು ಅಡುಗೆಮನೆಯಿಂದ ಅವ್ವ.

ನಾನು ಕುಳಿತಲ್ಲೇ ಕುಳಿತೆ. ಊಟ ಆತೇನು. ನನ್ನ ಜಪಾನಿ ಅಧಿಕಾರಿ ಅದಾಗಿದ್ದ. ಹಳೆಯ ಪತ್ರವನ್ನು ಟ್ರಂಕಿನಿಂದ ತೆಗೆದು ಓದಿದರೆ ಈಗ ಎಲ್ಲ ಅಕ್ಷರಗಳೂ ಬಿಡಿಸಿಕೊಂಡವು. ಅವರು ಹೊಡೆದ ದಿನ ನೀನೊಬ್ಬನೇ ನನ್ನ ಕೈಬಿಡಲಿಲ್ಲ, ಕತ್ತಲಾಗುವ ಮುಂಚೆ ತಂತಿಯ ಕೆಳಗಿನಿಂದ ನಿನ್ನ ಅನ್ನದ ಅರ್ಧ ಉಂಡೆ ತಳ್ಳಿದೆ, ಆ ಮೂರು ವರ್ಷದಲ್ಲಿ ನನ್ನನ್ನು ಏನಾದರೂ ಕೇಳಿದ ಮನುಷ್ಯ ನೀನು ಒಬ್ಬನೇ, ಬದುಕಿದ್ದರೆ ಎರಡು ಸಾಲು ಬರೆ ಎಂದು ಬರೆದಿದ್ದ.

ಆ ಸಂಜೆಯೇ ಎರಡೂ ಪತ್ರ ಹಿಡಿದು ಪಕ್ಕದ ಮನೆಗೆ ಹೋದೆ. ಪೂರ್ತಿ ಓದಿ ಹೇಳಿದೆ. ಗೆಳೆಯ ಸತ್ತ ಸುದ್ದಿ ಕೇಳಿ ಕಾಕಾ ಕಾಲಿನ ಗುಳಿಯ ಮೇಲೆ ಅಂಗೈ ಇಟ್ಟುಕೊಂಡ. ಕೊನೆಯ ದಿನಗಳಲ್ಲಿ ಅವನಿಗೆ ಊಟ ಹೋಗುತ್ತಿತ್ತೇನು, ಬರೆದಿದ್ದಾಳೇನು ಎಂದು ಕೇಳಿದ. ಬರೆದಿಲ್ಲ ಎಂದೆ. ಆಮೇಲೆ ನಾನು ಅಳುತ್ತಾ, ಮೊದಲ ಪತ್ರವನ್ನು ತಪ್ಪು ಓದಿದೆ ಕಾಕಾ ಎಂದೆ.

"ಸಣ್ಣಾಕಿ ಇದ್ದಿ. ಓದೂದ್ರಾಗ ತಪ್ಪತೈತಿ," ಎಂದು ನನ್ನ ತಲೆ ಸವರಿದ.

ನಿಘಂಟಿನ ಮಾತು ಬಾಯಿಯ ತನಕ ಬಂದಿತ್ತು. ತಪ್ಪು ಓದಿದ್ದಕ್ಕೆ ಕ್ಷಮೆ ಸಿಕ್ಕಿತ್ತು, ಬೆರಳು ಇಟ್ಟದ್ದಕ್ಕೆ ಸಿಗುತ್ತದೋ ಇಲ್ಲವೋ. ನುಂಗಿಕೊಂಡೆ. ಸಿಕ್ಕ ಕ್ಷಮೆಯನ್ನು ಸೆರಗಿಗೆ ಕಟ್ಟಿಕೊಂಡು ಸುಮ್ಮನಾದೆ.

ಮರುದಿನ ಉತ್ತರ ಬರೆಯಲು ಕುಳಿತೆವು. ಮಾತಿನ ಅರ್ಥ ಬರೆಸಿದ. ನಮ್ಮ ಕಡೆ ಊಟ ಇಲ್ಲದಿದ್ದರೂ ಕೇಳಬೇಕು, ಅದು ಪದ್ಧತಿ ಎಂದು ಬರೆಸಿದ. ತಡವಾದದ್ದಕ್ಕೆ ಏನು ಬರೆಯಲಿ, ನಾನು ತಪ್ಪು ಓದಿದೆ ಎಂದೇ ಬರೆಯುತ್ತೇನೆ ಎಂದೆ. ಕಾಕಾ ಕೈ ಅಡ್ಡ ಮಾಡಿದ.

"ಬ್ಯಾಡ. ನಾನ ಬರೀಲಿಲ್ಲ, ನಾ ಆಳಸಿ ಮನಷ್ಯಾ ಅಂತ ಬರಿ. ನೀ ನಾಳೆ ಸಾಲ್ಯಾಗ ಇಂಗ್ಲಿಷ್ ಕಲಸಾಕಿ, ನಿನ್ನ ಹೆಸರ ಯಾಕ ಕೆಡಬೇಕು? ನಾ ಏನ ಆ ದೇಶಕ್ಕ ಹೋಗಾಂವಲ್ಲ."

ಬರೆದೆ. ನಾನು ಆಲಸಿ ಎಂದು, ನನ್ನ ಕೈಬರಹದಲ್ಲಿ, ಅವನ ಹೆಸರಿನಲ್ಲಿ, ಒಂದೂ ವ್ಯಾಕರಣದ ತಪ್ಪಿಲ್ಲದೆ ಬರೆದೆ. ಕೆಳಗೆ ಅವನು ಕನ್ನಡದಲ್ಲಿ ಸಹಿ ಮಾಡಿದ.

ಅಪ್ಪ ವಿಷಯ ತಿಳಿದು ಕಾಕಾನ ಕಾಲು ಮುಟ್ಟಿದ. ಮುಂದಿನ ಗಣಪತಿಗೆ ಎಲ್ಲರೂ ಸೌಟು ಹಿಡಿ ಎಂದು ಕರೆದರು. ಕೈ ನಡುಗುತ್ತವೆ ಎಂದು ಕಾಕಾ ಒಲ್ಲೆ ಎಂದ. ಅವನ ಕೈ ನಡುಗುತ್ತಿರಲಿಲ್ಲ, ನಾನು ನೋಡಿದ್ದೆ.

ಗೋರಾನ ಮಗಳ ಮರುಪತ್ರ ಬಂತು. ಅರ್ಥ ತಿಳಿದು ಎಲ್ಲರೂ ಅತ್ತೆವು ಎಂದು ಬರೆದಿದ್ದಳು. ನಿಮ್ಮ ಆಲಸ್ಯವನ್ನು ಅಪ್ಪ ಇದ್ದಿದ್ದರೆ ನಕ್ಕು ಮನ್ನಿಸುತ್ತಿದ್ದರು, ನಾವೂ ಮನ್ನಿಸಿದ್ದೇವೆ ಎಂದೂ ಬರೆದಿದ್ದಳು. ಓದಿ ಹೇಳಿದಾಗ ಕಾಕಾ ಸಮಾಧಾನದಿಂದ ತಲೆದೂಗಿದ. ನನಗೆ ತಲೆ ಎತ್ತಲಾಗಲಿಲ್ಲ.

ನಾನು ಹಳಿಯಾಳದ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಆದ ಎರಡನೆಯ ವರ್ಷ ಕಾಕಾ ಹಾಸಿಗೆ ಹಿಡಿದ. ಅವನನ್ನು ತೇರಗಾಂವಕ್ಕೆ, ತಮ್ಮನ ಮನೆಗೆ ಒಯ್ದಿದ್ದರು. ಈ ಸಲ ಹೇಳಿಯೇ ಬಿಡುತ್ತೇನೆಂದು ಬಸ್ಸು ಹತ್ತಿ ಹೋದೆ. ಅವನು ಎಚ್ಚರವಾಗಿದ್ದ, ಮಾತು ಸಣ್ಣಗಾಗಿತ್ತು. ಬಂದವರಿಗೆಲ್ಲ ನನ್ನನ್ನು ತೋರಿಸಿ, ನನ್ನ ಪತ್ರ ಓದಿದಾಕೆ ಈಕೆಯೇ, ಇಂಗ್ಲಿಷ್ ಇವಳಿಗೆ ನೀರು ಕುಡಿದಂತೆ ಎಂದು ಹೇಳುತ್ತಿದ್ದ. ಆ ಮಾತಿನ ಮೇಲೆ ನಾನು ಹೇಗೆ ಹೇಳಲಿ? ಹೇಳಬಹುದಿತ್ತು. ಹೇಳಲಿಲ್ಲ. ಸಂಜೆಯ ಬಸ್ಸಿಗೆ ಮರಳಿದೆ. ಆ ವಾರವೇ ಕಾಕಾ ಹೋದ.

ನಾನು ಶಾಲೆಯಲ್ಲಿದ್ದಷ್ಟು ವರ್ಷ, ತಿಳಿಯದ ಮಾತಿಗೆ ತಿಳಿಯದು ಎನ್ನಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಒಳ್ಳೆಯ ಟೀಚರ್ ಎಂಬ ಹೆಸರು ಬಂತು. ಆ ಹೆಸರು ಕಾಕಾ ತನ್ನ ಹೆಸರು ಕೆಡಿಸಿಕೊಂಡು ಉಳಿಸಿಕೊಟ್ಟದ್ದು.

ಆಸ್ಟ್ರೇಲಿಯಾದ ಆ ಮನೆಯ ವಿಳಾಸ ಇನ್ನೂ ನನ್ನ ಹತ್ತಿರ ಇದೆ. ಮಗಳು ಬದುಕಿದ್ದರೆ ನನ್ನಷ್ಟೇ ವಯಸ್ಸಾಗಿರಬೇಕು. ಆ ಮನೆಯಲ್ಲಿ ಕಾಕಾ ಇವತ್ತಿಗೂ ಗೆಳೆಯನ ಪತ್ರಕ್ಕೆ ಉತ್ತರ ಬರೆಯದ ಆಲಸಿ. ನಿವೃತ್ತಿಯಾದ ಮೇಲೆ ನಿಜ ಬರೆಯಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ, ಮೊದಲ ಸಾಲು ದಾಟಿಲ್ಲ. ಆಯುಷ್ಯವಿಡೀ ಇಂಗ್ಲಿಷ್ ಕಲಿಸಿದವಳು ನಾನು. ಕೊನೆಗೂ ಇದನ್ನು ಬರೆದದ್ದು ಕನ್ನಡದಲ್ಲಿ. ಅವರಿಗೆ ಓದಲು ಬರುವುದಿಲ್ಲ ಎಂದು ಗೊತ್ತಿದ್ದೇ ಬರೆದೆ.